ಕುದುರೆ ಡಬ್ಬವೋ, ನಾಯಿ ಡಬ್ಬವೋ

ಬಿಯರ್ ನನಗೆ ಸೇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಮುಂದಿನದನ್ನು ಓದಿ ನೀವು ನನ್ನನ್ನು ರಸಿಕನೆಂದು ತಿಳಿಯುವ ಅಪಾಯವಿದೆ. ಕಾಲೇಜಿನ ಸಹೋದ್ಯೋಗಿಗಳು ಪರ್ಮಿಟ್ ರೂಮೆಂಬ ಬಾರಿಗೆ ಎಳೆದುಕೊಂಡು ಹೋದಾಗ ನಾನು ಒಂದು ಗ್ಲಾಸನ್ನು ಎದುರಿಗಿಟ್ಟುಕೊಂಡು, ಅದರ ನೊರೆ ಇಳಿಯುವುದನ್ನು ನೋಡುತ್ತ ಇಡೀ ಸಂಜೆ ಕಳೆಯಬಲ್ಲೆ. ಕಡೆಗೆ ಅದನ್ನು ಪಕ್ಕದವರು ಕುಡಿಯುತ್ತಾರೆ. ಇಂಥ ನಾನು ಈ ವರ್ಷದ ಬೇಸಿಗೆಯನ್ನೆಲ್ಲ ಒಂದೇ ಪ್ರಶ್ನೆಯ ಹಿಂದೆ ಅಲೆದು ಕಳೆದೆ. ಮನೆಯಲ್ಲಿ ಬಿಯರ್ ಮಾಡಲು ಯಾವ ಡಬ್ಬ ಒಳ್ಳೆಯದು?

ಡಬ್ಬ ಎಂದರೇನೆಂದು ಹೇಳಬೇಕು. ಇಂಗ್ಲೆಂಡಿನಲ್ಲಿ ಜನ ಈಗೀಗ ತಮ್ಮ ತಮ್ಮ ಮನೆಗಳಲ್ಲೇ ಬಿಯರ್ ಮಾಡಿಕೊಳ್ಳುತ್ತಾರಂತೆ. ಬೇಕಾದ ಸರಕೆಲ್ಲ ಒಂದೇ ಡಬ್ಬದಲ್ಲಿ ಸಿಗುತ್ತದೆ. ಮೊಳಕೆ ಬರಿಸಿದ ಬಾರ್ಲಿಯನ್ನು ಬತ್ತಿಸಿ ಮಾಡಿದ, ಕಾಕಂಬಿಯಂತೆ ಕಪ್ಪಗೆ ಅಂಟಂಟಾದ ಪಾಕ, ಅದರೊಳಗೇ ಸೇರಿರುವ ಹಾಪ್ಸ್ ಎಂಬ ಹೂವಿನ ಕಹಿ, ಮುಚ್ಚಳದ ಮೇಲೆ ಯೀಸ್ಟಿನ ಸಣ್ಣ ಪೊಟ್ಟಣ, ಅದರ ಸುತ್ತ ಮಡಚಿಟ್ಟ ಸೂಚನೆಯ ಹಾಳೆ. ಪಾಕಕ್ಕೆ ಬಿಸಿನೀರು, ಸಕ್ಕರೆ ಬೆರೆಸಿ, ಆರಿದ ಮೇಲೆ ಯೀಸ್ಟ್ ಉದುರಿಸಿ, ಹುದುಗಲು ಬಿಟ್ಟು, ಬಾಟಲಿಗಳಿಗೆ ತುಂಬಿ, ತಾಳ್ಮೆಯಿಂದ ಕಾಯಬೇಕು. ಅಷ್ಟೆ. ತಾಳ್ಮೆಯೊಂದನ್ನು ಮಾತ್ರ ಡಬ್ಬದಲ್ಲಿ ಹಾಕಿರುವುದಿಲ್ಲ.

ನನ್ನ ಹೆಂಡತಿ ಸುಮಿತ್ರೆಯ ತಮ್ಮ ಗಣಪತಿ ಹಡಗಿನಲ್ಲಿ ಅಡುಗೆಯವನು. ಹಡಗು ಬೊಂಬಾಯಿಗೆ ಬಂದಾಗಲೆಲ್ಲ ಚೆಂಬೂರಿನ ನಮ್ಮ ಮನೆಗೆ ಬಂದು, ಅಕ್ಕನ ಕೈಯ ಕುಚ್ಚಲಕ್ಕಿ ಅನ್ನ ಉಂಡು, ಒಂದು ನಿದ್ದೆ ತೆಗೆದು, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕೇಳುತ್ತಾನೆ, "ಭಾವ, ಈ ಸಲ ಎಂತ ತರಲಿ?" ಏನೂ ಬೇಡವೆನ್ನುವುದು ನನ್ನ ರೂಢಿ. ಕಳೆದ ಚಳಿಗಾಲದಲ್ಲಿ ಮಾತ್ರ, ಯಾಕೆಂದು ನನಗೇ ತಿಳಿಯುವ ಮೊದಲೇ, "ಆವತ್ತು ಒಮ್ಮೆ ತಂದಿದ್ದೆಯಲ್ಲ, ಬಿಯರ್ ಮಾಡುವ ಡಬ್ಬ, ಅದನ್ನೇ ತಾ" ಎಂದೆ.

"ಯಾವುದು ಭಾವ? ಆಗ ಎರಡು ಮೂರು ಥರ ಇದ್ದದ್ದು. ಈಗ ಅಂಗಡಿಯಲ್ಲಿ ಒಂದು ಕಪಾಟು ತುಂಬ ಉಂಟು."

ಡಬ್ಬದ ಮೇಲಿನ ಚಿತ್ರ ಯಾವುದೆಂದು ನೆನಪಿನಲ್ಲಿ ತಡಕಾಡಿದೆ. ಗಣಪತಿ ಚಪ್ಪಲಿ ಮೆಟ್ಟಿ, ಕಳಚಿ, ಮತ್ತೆ ಮೆಟ್ಟಿ ಕಾದ. ಬಿಯರ್ ಸೇರದವನಿಗೆ ಇದರಿಂದ ಅಷ್ಟು ಸಂಕಟವಾಗಬೇಕಾಗಿರಲಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಬಿಯರ್ ಅಲ್ಲ, ವಾಸು.

ವಾಸು ಉಡುಪಿಯ ಕಡೆಯವನು. ಚಿಕ್ಕಂದಿನಲ್ಲೇ ಬೊಂಬಾಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಎಲ್ಲ ಕೆಲಸ ಮಾಡಿ, ನಾನು ಕಾಣುವ ಹೊತ್ತಿಗೆ ಸಾಂತಾಕ್ರೂಜಿನ ಒಂದು ಹೋಟೆಲಿನ ಗಲ್ಲಾದ ಮೇಲೆ ಕೂತಿದ್ದ. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ ಈ ಊರಿಗೆ ಬಂದು, ಕೆಲಸ ಸಿಗುವ ತನಕ ಅದೇ ಹೋಟೆಲಿನ ಮೇಲಿನ ಖೋಲಿಯಲ್ಲಿ ನಾನಿದ್ದೆ. ಅಲ್ಲಿಂದ ಶುರುವಾದ ಸ್ನೇಹ. ಅವನು ಮದುವೆಯಾಗಲಿಲ್ಲ. ಫೋಟೊ ತೆಗೆಸಿಕೊಳ್ಳಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವನು ಹೊರಗೆ ಬರಲಿಲ್ಲ. ಆಮೇಲೆ ಆ ಹೋಟೆಲು ಕೈ ಬದಲಾಯಿತು. ಅವನು ಕೂರುತ್ತಿದ್ದ ಜಾಗದಲ್ಲಿ ಈಗ ತಂಪು ಪಾನೀಯದ ಫ್ರಿಜ್ ಇದೆ. ನಾನೊಮ್ಮೆ ಹೋಗಿ ನೋಡಿ ಬಂದೆ. ಫ್ರಿಜ್ಜಿನ ಎದುರು ಎಷ್ಟು ಹೊತ್ತು ನಿಲ್ಲಬಹುದು? ವೇಟರ್ ಬಂದು ಏನು ಬೇಕೆಂದು ಕೇಳಿದ. ಕಿತ್ತಳೆ ಬಣ್ಣದ ಏನನ್ನೋ ಕುಡಿದು ಬಂದೆ.

ಹಾಗಾಗಿ ವಾಸು ಈಗ ಇರುವುದು ಕೆಲವೇ ತಲೆಗಳಲ್ಲಿ. ಅವುಗಳಲ್ಲಿ ನನ್ನದು ಮುಖ್ಯವಾದದ್ದು ಎಂದುಕೊಂಡಿದ್ದೆ. ಆದರೆ ಇತ್ತೀಚೆಗೆ ಅದು ಸೋರುತ್ತಿದೆ. ಕ್ಲಾಸಿನಲ್ಲಿ ವಾಕ್ಯವೊಂದನ್ನು ಧೈರ್ಯವಾಗಿ ಶುರುಮಾಡಿ, ಮಧ್ಯದಲ್ಲಿ ನಿಂತು, ಎಲ್ಲಿಗೆ ಹೊರಟಿದ್ದೆನೆಂದು ಮುಂದಿನ ಬೆಂಚಿನ ಹುಡುಗಿಯರ ಮುಖದಲ್ಲಿ ಹುಡುಕುತ್ತೇನೆ. ಕುರ್ಲಾದಲ್ಲಿ ಇಳಿದು, ಯಾಕೆ ಇಳಿದೆನೆಂದು ಯೋಚಿಸುತ್ತ ಇನ್ನೊಂದು ಲೋಕಲ್ ರೈಲು ಬಿಟ್ಟಿದ್ದೇನೆ. ಇದೆಲ್ಲ ಇರಲಿ. ಒಂದು ದಿನ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ವಾಸುವಿನ ಧ್ವನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದೆ. ಸಿಗಲಿಲ್ಲ. ಮಾತುಗಳು ಸಿಕ್ಕವು. ಧ್ವನಿ ನನ್ನದೇ ಆಗಿತ್ತು. ಆ ಕ್ಷಣದಲ್ಲಿ ಆದ ಹೆದರಿಕೆಯನ್ನು ನಾನು ಯಾರಿಗೂ ಹೇಳಲಿಲ್ಲ. ಗಲ್ಲದ ಮೇಲೆ ಗಾಯವಾದದ್ದಕ್ಕೆ ಬ್ಲೇಡು ಹಳೆಯದೆಂದು ಸುಮಿತ್ರೆಗೆ ಹೇಳಿದೆ.

ನಮ್ಮ ಹಳೆಯ ತರ್ಕಪಂಡಿತರಾದ ನೈಯಾಯಿಕರು ಸ್ಮೃತಿಯನ್ನು ಪ್ರಮಾಣವೆಂದು, ಅಂದರೆ ನಂಬತಕ್ಕ ಅರಿವಿನ ದಾರಿಯೆಂದು, ಒಪ್ಪುವುದಿಲ್ಲ. ಕಣ್ಣಿನಿಂದ ಕಂಡದ್ದು ಪ್ರಮಾಣ, ಊಹೆಯಿಂದ ತಿಳಿದದ್ದು ಪ್ರಮಾಣ, ನಂಬತಕ್ಕವರು ಹೇಳಿದ್ದೂ ಪ್ರಮಾಣ. ನೆನಪು ಮಾತ್ರ ಅಲ್ಲ. ಅದು ಹಿಂದೊಮ್ಮೆ ತಿಳಿದದ್ದರ ಎಂಜಲು. ತರ್ಕದ ಮೇಷ್ಟ್ರಾಗಿ ಇದನ್ನು ನಾನು ವರ್ಷ ವರ್ಷ ಪಾಠ ಮಾಡಿದ್ದೇನೆ, ಹುಡುಗರ ಎದುರು ನೆನಪನ್ನು ಗೇಲಿ ಮಾಡಿದ್ದೇನೆ. ಅನುಮಾನ ಪಡುವುದು ನನ್ನ ಉದ್ಯೋಗ, ಸಂಬಳ ಅದಕ್ಕೇ ಬರುತ್ತದೆ. ಆದರೆ ಸ್ನೇಹಿತನೊಬ್ಬ ನೆನಪಿನಲ್ಲಲ್ಲದೆ ಬೇರೆಲ್ಲೂ ಇಲ್ಲದಿರುವಾಗ ನೆನಪು ಪ್ರಮಾಣವಲ್ಲವೆಂದರೆ ಏನರ್ಥ ಎಂಬುದನ್ನು ಪಠ್ಯದಲ್ಲಿ ಹೇಳಿಲ್ಲ. ಪರೀಕ್ಷೆಗೂ ಅದು ಬರುವುದಿಲ್ಲ.

ನನ್ನಲ್ಲಿ ಉಳಿದಿದ್ದದ್ದು ಒಂದು ರುಚಿ. ವಾಸುವಿನ ಜೊತೆ ನಾನು ಕೈಯಾರೆ ಮಾಡಿ ಕುಡಿದ ಬಿಯರಿನ ರುಚಿ. ಅದು ಗಾಢವಾಗಿತ್ತು, ಗಂಟಲಲ್ಲಿ ತುಸು ಹೊತ್ತು ನಿಲ್ಲುತ್ತಿತ್ತು, ವಿಲಾಯತಿಯದಾದರೂ ಎಲ್ಲೋ ಪರಿಚಯವಿದ್ದಂತೆ ಇತ್ತು. ಪರ್ಮಿಟ್ ರೂಮುಗಳ ಬಿಯರಿನಲ್ಲಿ ಅದು ಎಂದೂ ಸಿಗಲಿಲ್ಲ. "ಇಂಗ್ಲಿಷ್ ಮಾಲ್ಟಿನಲ್ಲಿ ಒಂದು ಆಳವಿದೆ" ಎಂದು ನಾನು ಸಹೋದ್ಯೋಗಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ಡಬ್ಬ ಸಿಕ್ಕರೆ ಆ ರುಚಿ ಸಿಗುತ್ತದೆ, ಆ ರುಚಿ ಸಿಕ್ಕರೆ ಅದರ ಹಿಂದೆ ಧ್ವನಿಯೂ ಬಂದೀತು. ಇದು ತರ್ಕವಲ್ಲವೆಂದು ನನಗೆ ಗೊತ್ತು. ಮುಳುಗುವವನು ತರ್ಕ ನೋಡುವುದಿಲ್ಲ.

ಆವತ್ತು ನಡೆದದ್ದು, ನನ್ನ ನೆನಪಿನ ಪ್ರಕಾರ, ಹೀಗೆ. ಎಪ್ಪತ್ತನೆಯ ಇಸವಿಯ ಆಸುಪಾಸು. ಪಾನನಿಷೇಧದ ಕಾಲ, ಕುಡಿಯಲು ಸರ್ಕಾರದ ಪರ್ಮಿಟ್ ಬೇಕು, ಪರ್ಮಿಟ್ಟಿಗೆ ಕುಡಿಯದಿದ್ದರೆ ಆರೋಗ್ಯ ಕೆಡುತ್ತದೆಂದು ಡಾಕ್ಟರು ಬರೆದುಕೊಡಬೇಕು. ವಾಸುವಿನ ಹತ್ತಿರ ಅದಿತ್ತು. "ನಾನು ಸರ್ಕಾರದ ಲೆಕ್ಕದಲ್ಲಿ ರೋಗಿಷ್ಟ, ಮೇಷ್ಟ್ರೇ, ನನ್ನ ಹತ್ತಿರ ಸ್ವಲ್ಪ ಮೆಲ್ಲಗೆ ಮಾತಾಡಿ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಅವನ ಹೊಟ್ಟೆಯೊಳಗೆ ನಿಜಕ್ಕೂ ಏನೋ ಕೆಡುತ್ತಿದೆಯೆಂದು ಯಾರಿಗೂ ಹೊಳೆಯಲಿಲ್ಲ, ಅವನಿಗೂ. ಗಣಪತಿ ಆ ಡಬ್ಬವನ್ನು ತಮಾಷೆಗೆಂದು ತಂದುಕೊಟ್ಟಿದ್ದ. ಮನೆಯಲ್ಲಿ ಬಿಯರ್ ಮಾಡುವುದು ಕಾಯ್ದೆಗೆ ವಿರುದ್ಧ, ಬಿಟ್ಟುಬಿಡೋಣ ಎಂದೆ ನಾನು. ವಾಸು ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

"ದಿನಾ ಇಡ್ಲಿ ಹಿಟ್ಟು ಉಬ್ಬಿಸಿ ಅರ್ಧ ಬೊಂಬಾಯಿಗೆ ಹೊಟ್ಟೆ ತುಂಬಿಸುವವರು ನಾವು. ಇದು ಎಂತ ಮಹಾ ವಿದ್ಯೆ ಮಾರಾಯ್ರೆ? ಪಾತ್ರೆ ಒಂದು ದೊಡ್ಡದು ಬೇಕು, ಅಷ್ಟೇ ಅಲ್ವಾ?"

ಪಾತ್ರೆ ಸುಮಿತ್ರೆಯದು. ತವರಿನಿಂದ ಬಂದ ಭರಣಿ, ಮದುವೆಮನೆಯೊಂದಕ್ಕೆ ಸಾಲುವಷ್ಟು ಉಪ್ಪಿನಕಾಯಿ ಹಿಡಿಯುವಂಥದ್ದು. ಹಾಳೆಯಲ್ಲಿ ಪಾತ್ರೆ ಶುದ್ಧವಾಗಿರಬೇಕು, ಒಳಗೆ ಬೂಸಲಿನ ಸುಳಿವೂ ಇರಬಾರದು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನಾನದನ್ನು ಕನ್ನಡ ಮಾಡಿ ಸುಮಿತ್ರೆಗೆ ಗಂಭೀರವಾಗಿ ಓದಿ ಹೇಳಿ ಕಾಲೇಜಿಗೆ ಹೋದೆ. ಸಕ್ಕರೆಯೂ ಅವಳದೇ. ರೇಷನ್ನಿನ ಸಕ್ಕರೆ, ಅದರ ಡಬ್ಬವನ್ನು ತಲೆಕೆಳಗೆ ಮಾಡಿ ಬಡಿದು ಸುರಿದಳು. ಆ ತಿಂಗಳು ನಮ್ಮ ಮನೆಗೆ ಬಂದವರೆಲ್ಲ ಬೆಲ್ಲದ ಚಹಾ ಕುಡಿದರು. ಯೀಸ್ಟ್ ಹಾಕಿದ ಮೇಲೆ ಬೆಚ್ಚಗಿನ ಜಾಗ ನೋಡಿ ಇಡಿ ಎಂದಿತ್ತು ಹಾಳೆಯಲ್ಲಿ. ಅದನ್ನು ಬರೆದವನು ಮೇ ತಿಂಗಳಲ್ಲಿ ಚೆಂಬೂರಿನ ಪಶ್ಚಿಮದ ಗೋಡೆಗೆ ಕೈ ಮುಟ್ಟಿಸಿದವನಲ್ಲ. ನಮ್ಮಲ್ಲಿ ಬೆಚ್ಚಗಿಲ್ಲದ ಜಾಗ ಎಲ್ಲಿದೆಯೆಂದು ಹುಡುಕಿ ಕಡೆಗೆ ಬಚ್ಚಲ ಮೂಲೆಯಲ್ಲಿ ಇಟ್ಟೆವು. ಭರಣಿ ಗೊಣಗುಟ್ಟಲು ಶುರುಮಾಡಿತು. ಒಳಗೆ ಯಾರೋ ಸಿಟ್ಟಿನಿಂದ ಜಪ ಮಾಡುತ್ತಿದ್ದಂತೆ ಸದ್ದು.

ಬಾಟಲಿಗಳನ್ನು ತಂದವನು ಮೊಹಿದ್ದೀನ್. ಅವನು ವಿಜಾಪುರದವನು, ಬಾಂದ್ರಾದಲ್ಲಿ ರದ್ದಿ ಅಂಗಡಿ, ಹಳೆಯ ಪೇಪರು ಬಾಟಲಿಗಳ ವ್ಯಾಪಾರ. ನಾನು ಹಳೆಯ ಪುಸ್ತಕ ಹುಡುಕುತ್ತ ಹೋಗಿ ಪರಿಚಯವಾದವನು, ಆಮೇಲೆ ನನಗಿಂತ ಹೆಚ್ಚಾಗಿ ವಾಸುವಿಗೆ ಗೆಳೆಯನಾದವನು. ಕುಡಿಯುವುದಿಲ್ಲ. ಬಾಟಲಿಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದು, ಬೂಚುಗಳಿಗೆ ಸುತಲಿ ದಾರ ಬಿಗಿದು ಕಟ್ಟಿ, "ನಾ ಕಟ್ಟಿಕೊಡತೀನಿ, ಬಿಚ್ಚೂದು ನಿಮ್ಮ ಪಾಪ" ಎಂದು ಹೇಳಿ ಹೋದ. ಒಂದು ಬಾಟಲಿ ನಡುಮಧ್ಯಾಹ್ನ ಸಿಡಿದು, ಕೆಳಗಿನ ಮನೆಯವರು ಗ್ಯಾಸ್ ಸಿಲಿಂಡರೆಂದು ತಿಳಿದು ಬಿಲ್ಡಿಂಗಿನಿಂದ ಹೊರಗೆ ಓಡಿದ್ದರು.

ಆಮೇಲೆ ಒಂದು ಭಾನುವಾರ ಮಧ್ಯಾಹ್ನ. ಮೇಜಿನ ಒಂದು ಕಡೆ ನಾನು, ಎದುರಿಗೆ ವಾಸು, ಪಕ್ಕದಲ್ಲಿ ಬೆಲ್ಲದ ಚಹಾ ಹಿಡಿದ ಮೊಹಿದ್ದೀನ್, ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತ ಸುಮಿತ್ರೆ. ವಾಸು ಗ್ಲಾಸನ್ನು ಬೆಳಕಿಗೆ ಹಿಡಿದ. ಒಂದು ಗುಟುಕು ಕುಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಚಂದ ಉಂಟು" ಎಂದ. ಪೂರ್ತಿ ಮುಗಿಸಿ ಎರಡನೆಯ ಗ್ಲಾಸನ್ನು ತಾನೇ ಬಗ್ಗಿಸಿಕೊಂಡ. ನಾನು ಬದುಕಿನಲ್ಲಿ ಕೈಯಿಂದ ಮಾಡಿದ್ದು ಅದೊಂದೇ, ಉಳಿದದ್ದೆಲ್ಲ ಬಾಯಿಂದ ಮಾಡಿದ್ದು. ಆ ಎರಡನೆಯ ಗ್ಲಾಸಿನ ಮೇಲೆ ನಾನು ಎಷ್ಟು ವರ್ಷ ಬದುಕಿದೆ ಎಂದು ಹೇಳಿದರೆ ನಿಮಗೆ ನಗು ಬಂದೀತು.

ಡಬ್ಬ ಯಾವುದು? ಅದರ ಮೇಲೆ ಕುದುರೆ ಸವಾರನ ಚಿತ್ರವಿತ್ತು, ಕೆಂಪು ಕೋಟು. ಇದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗೆಂದು ಆ ಚಳಿಗಾಲದಲ್ಲಿ ಚಪ್ಪಲಿ ಮೆಟ್ಟಿ ಕಾದಿದ್ದ ಗಣಪತಿಗೆ ಹೇಳುವಷ್ಟರಲ್ಲಿ ಸುಮಿತ್ರೆ ಒಳಗಿನಿಂದ ಕೂಗಿದಳು, "ಎಂಥ ಕುದುರೆ? ನಾಯಿ. ಕಿವಿ ಜೋತಾಡುವ ನಾಯಿ. ಆ ಡಬ್ಬದಲ್ಲಿ ನಾನು ಮೆಂತೆ ತುಂಬಿಸಿಟ್ಟಿದ್ದೇನೆ ಈಗಲೂ."

ತಂದು ತೋರಿಸಿದಳು. ಡಬ್ಬ ನಿಜ, ಮೆಂತೆಯೂ ನಿಜ. ಚೀಟಿ ಮಾತ್ರ ತೊಳೆದು ತೊಳೆದು ಹೋಗಿ, ಬರೀ ತಗಡು ಹೊಳೆಯುತ್ತಿತ್ತು.

"ಇಲ್ಲಿ ನಾಯಿ ಎಲ್ಲಿದೆ?"

"ಇತ್ತು."

"ಕುದುರೆ ಇತ್ತು."

"ನಿಮಗೆ ನಮ್ಮ ಮದುವೆಯ ದಿನ ನಾನು ಉಟ್ಟ ಸೀರೆ ಯಾವ ಬಣ್ಣ ಅಂತ ನೆನಪುಂಟಾ? ಹೇಳಿ ನೋಡುವಾ, ತಮ್ಮನ ಎದುರೇ."

ನಾನು ಹಸಿರು ಎಂದೆ. ಅವರಿಬ್ಬರೂ ಪರಸ್ಪರ ನೋಡಿಕೊಂಡ ರೀತಿಯಲ್ಲಿ ಅದು ಹಸಿರಲ್ಲವೆಂದು ತಿಳಿಯಿತು. ಯಾವುದೆಂದು ಅವರು ಹೇಳಲೂ ಇಲ್ಲ. ಮರುವಾರ ಬಾಂದ್ರಾಕ್ಕೆ ಹೋಗಿ ಮೊಹಿದ್ದೀನನನ್ನು ಕೇಳಿದೆ. ಅವನು ತಕ್ಕಡಿಯ ಮೇಲಿದ್ದ ಪೇಪರು ಇಳಿಸದೆಯೇ, "ಡಬ್ಬಿ ನಾ ನೋಡೇ ಇಲ್ರೀ ಮಾಸ್ತರ್. ನಾ ಬಾಟ್ಲಿ ನೋಡೀನಿ" ಎಂದ. ಒಬ್ಬನಿಗಾದರೂ ತಾನು ನೋಡದ್ದು ಯಾವುದೆಂದು ಗೊತ್ತಿದೆಯಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಗಣಪತಿ ಬುದ್ಧಿವಂತ. ಮುಂದಿನ ಸಲ ಬಂದಾಗ ಎರಡನ್ನೂ ತಂದ, ಕುದುರೆಯದು ಒಂದು, ನಾಯಿಯದು ಒಂದು. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಕುದುರೆ ಸವಾರನ ಕೋಟು ನೀಲಿಯಾಗಿತ್ತು. ಕಂಪನಿಯವರು ಬದಲಾಯಿಸಿರಬಹುದು ಎಂದುಕೊಂಡೆ. ಮನುಷ್ಯ ತನ್ನ ನೆನಪನ್ನು ಉಳಿಸಿಕೊಳ್ಳಲು ಇಂಗ್ಲೆಂಡಿನ ಕಂಪನಿಯ ಕೋಟನ್ನೂ ಬದಲಾಯಿಸಬಲ್ಲ.

ಹುರುಪು ಏನು ಕೇಳುತ್ತೀರಿ. ಈ ಸಲ ಶಾಸ್ತ್ರೋಕ್ತವಾಗಿ ಮಾಡಬೇಕೆಂದು ದೊಡ್ಡದೊಂದು ಹೊಸ ಪ್ಲಾಸ್ಟಿಕ್ ಬಕೆಟ್ ತಂದೆ. ಕುದಿಯುವ ನೀರಿನಲ್ಲಿ ನಾನೇ ಮೂರು ಸಲ ತೊಳೆದೆ. ಬೆಚ್ಚಗಿನ ಜಾಗದ ಬದಲು ಒದ್ದೆ ಗೋಣಿ ಸುತ್ತಿ ತಂಪು ಮಾಡಿದೆ. ದಿನಕ್ಕೆ ಎರಡು ಹೊತ್ತು ಬಗ್ಗಿ ಕಿವಿಗೊಟ್ಟೆ. ಕುದುರೆಯ ಡಬ್ಬದ ಬಿಯರ್ ಯಾವ ಬಾಟಲಿಯನ್ನೂ ಒಡೆಯದೆ, ಯಾರನ್ನೂ ಬಿಲ್ಡಿಂಗಿನಿಂದ ಓಡಿಸದೆ, ಸಭ್ಯವಾಗಿ ತಯಾರಾಯಿತು. ಮೊಹಿದ್ದೀನನನ್ನು ಕರೆದೆ. ಭಾನುವಾರ ಮಧ್ಯಾಹ್ನ, ಅದೇ ಮೇಜು. ವಾಸುವಿನ ಕುರ್ಚಿ ಖಾಲಿಯಿರಲಿ ಎಂದುಕೊಂಡಿದ್ದೆ, ಆದರೆ ಸುಮಿತ್ರೆ ಅದರ ಮೇಲೆ ಒಣಗಿದ ಬಟ್ಟೆ ತಂದು ಹಾಕಿದ್ದಳು. ತೆಗೆಯಲು ಹೇಳುವ ಧೈರ್ಯವಾಗಲಿಲ್ಲ.

ಕುಡಿದೆ. ಒಳ್ಳೆಯ ಬಿಯರ್. ತಿಳಿ ಬಂಗಾರದ ಬಣ್ಣ, ಹದವಾದ ಕಹಿ, ಪರ್ಮಿಟ್ ರೂಮಿನ ಯಾವ ಬಿಯರಿಗೂ ಕಡಿಮೆಯಿಲ್ಲ. ಅದರಲ್ಲಿ ವಾಸು ಇರಲಿಲ್ಲ. ಇನ್ನೊಂದು ಗುಟುಕು ಕುಡಿದೆ, ಕಣ್ಣು ಮುಚ್ಚಿ ಕುಡಿದೆ, ಬಾಯಲ್ಲಿಟ್ಟುಕೊಂಡು ಕಾದೆ. ಇಂಗ್ಲೆಂಡ್ ಇತ್ತು, ಬಾರ್ಲಿ ಇತ್ತು, ಪ್ಲಾಸ್ಟಿಕ್ಕಿನ ಒಂದು ನೆರಳೂ ಇತ್ತು. ಗಾಢವಾದದ್ದು, ಗಂಟಲಲ್ಲಿ ನಿಲ್ಲುವುದು, ಪರಿಚಯದ್ದು ಇಲ್ಲವೇ ಇಲ್ಲ. ಹಾಗಾದರೆ ನಾಯಿಯೇ ಸರಿಯೋ? ಅಥವಾ ಆ ರುಚಿ ಯಾವ ಡಬ್ಬದಲ್ಲೂ ಇರಲಿಲ್ಲವೋ? ಸತ್ತವನ ಮೇಲಿನ ಆಸೆಗೆ ನಾನು ವರ್ಷ ವರ್ಷ ಒಂದೊಂದೇ ಚಿಟಿಕೆ ಹಾಕಿ ಕಲಸಿದ ರುಚಿಯೋ? ಇದು ಸುಳ್ಳಾದರೆ ಎರಡನೆಯ ಗ್ಲಾಸೂ ಸುಳ್ಳಾಗಬಹುದು. "ಚಂದ ಉಂಟು" ಎಂಬುದೂ. ಒಂದು ನೂಲು ಎಳೆದರೆ ಎಷ್ಟು ಬಿಚ್ಚಿಕೊಳ್ಳುತ್ತದೆಂದು ಹೇಳಲಾಗುವುದಿಲ್ಲ. ನನ್ನ ಮುಖ ನೋಡಿ ಸುಮಿತ್ರೆ "ಚಂದ ಆಗ್ಲಿಲ್ವಾ?" ಎಂದಳು. ಮೊಹಿದ್ದೀನ್ ನನ್ನ ಗ್ಲಾಸನ್ನು ಮೂಗಿನ ಹತ್ತಿರ ತಂದು, ದೂರವಿಟ್ಟು, ಚಹಾ ಕುಡಿದ.

ಅವನನ್ನು ಸ್ಟೇಷನ್ನಿನವರೆಗೆ ಬಿಡಲು ಹೋದೆ. ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸುತ್ತಿತ್ತು. ಲೋಕಲ್ ತಡವಾಗಿತ್ತು, ಬೆಂಚಿನ ಮೇಲೆ ಕೂತೆವು.

"ಒಂದ್ ಮಾತು ಹೇಳಲೇನ್ರಿ ಮಾಸ್ತರ್? ಸಿಟ್ಟಾಗಬ್ಯಾಡ್ರಿ. ಇದರಾಗ ಇಂಗಿನ ವಾಸನಿ ಇಲ್ಲ."

"ಬಿಯರಿನಲ್ಲಿ ಇಂಗು ಯಾಕಿರುತ್ತೆ?"

"ಅದನ್ನ ನೀವ ಹೇಳಬೇಕು. ಆವತ್ತಿಂದ್ರಾಗ ಇತ್ತಲ್ಲ. ಬಾಟ್ಲಿ ಬಿಚ್ಚಿದ ಕೂಡ್ಲೇ ಬಂತು, ಘಮ್ ಅಂತ. ನಾ ಕುಡ್ಯಾಂವ ಅಲ್ಲ, ಖರೆ. ಆದ್ರ ನನ್ನ ಮೂಗು ರೋಜಾದ ಉಪವಾಸ ಹಿಡಿದಿಲ್ಲಲ್ರೀ."

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

"ಹೇಳಾಕಂತನ ಬಾಯಿ ತಗದೆ. ವಾಸಣ್ಣ ಟೇಬಲ್ ಬುಡಕ ನನ್ನ ಕಾಲು ತುಳದ. ಹಿಂಗ, ಗಟ್ಟಿ. ನಾ ಆಕಡೆ ನೋಡಿದ್ರ, ಭಾಭಿ ಬಾಗಲದಾಗ ನಿಂತಾರ. ತಿಂಗಳ ಸಕ್ಕರಿ ಪೂರಾ ಸುರವಿದ್ರು ಪಾಪ. ವಾಸಣ್ಣ ಗಟಗಟ ಕುಡದ, ಮತ್ತ ಹಾಕ್ಕೊಂಡ. ನಾನು ತೌಬಾ ಅಂತ ಚಾ ಕುಡದೆ."

ಲೋಕಲ್ ಬಂತು. ಅವನು ಹತ್ತಿ ಹೋದ. ನಾನು ಬೆಂಚಿನ ಮೇಲೆಯೇ ಕೂತೆ.

ಮನೆಗೆ ಬಂದು ಸುಮಿತ್ರೆಯನ್ನು, ಏನೂ ಅಲ್ಲದ ಮಾತು ಕೇಳುವವನಂತೆ, ಆವತ್ತು ಭರಣಿಯನ್ನು ಹೇಗೆ ಶುದ್ಧ ಮಾಡಿದ್ದೆ ಎಂದು ಕೇಳಿದೆ.

"ಹೇಗೆ ಅಂದರೆ? ಬಿಸಿನೀರಲ್ಲಿ ತೊಳೆದು, ಟೆರೇಸಿನಲ್ಲಿ ಬಿಸಿಲಿಗೆ ಇಟ್ಟು, ಆಮೇಲೆ ಸಿಗಡಿ ಒಲೆಯಲ್ಲಿ ಕೆಂಡ ಮಾಡಿ, ಇಂಗು ಹಾಕಿ, ಅದರ ಮೇಲೆ ಭರಣಿ ಕವುಚಿ ಹಾಕಿದ್ದು. ಬೂಸಲು ಬರಬಾರದು ಅಂತ ನೀವೇ ಓದಿ ಹೇಳಿದಿರಲ್ಲ. ಇಂಗಿನ ಹೊಗೆ ಕೊಡದೆ ಭರಣಿ ತುಂಬಿಸ್ತಾರಾ ಯಾರಾದರೂ? ಆವತ್ತು ಇಂಗು ಸ್ವಲ್ಪ ಜಾಸ್ತಿಯೇ ಹಾಕಿದ್ದೆ, ವಾಸಣ್ಣ ಬರುತ್ತಾರೆ ಅಂತ."

ಇಷ್ಟು ಹೇಳಿ ಅವಳು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಕುಡಿದು ನೋಡಿದವಳಲ್ಲ, ಅದರಲ್ಲಿ ತಪ್ಪೇನೂ ಅವಳಿಗೆ ಕಾಣುತ್ತಿರಲಿಲ್ಲ. ಹುದುಗಿಸಿ ಅರಿಷ್ಟವೆಂಬ ಮದ್ದು ಮಾಡುವ ನಮ್ಮ ಪಂಡಿತರೂ ಮಡಕೆಗೆ ಹೊಗೆ ಹಿಡಿಸಿಯೇ ತುಂಬುತ್ತಾರೆಂದು ಎಲ್ಲೋ ಓದಿದ ನೆನಪು. ಅವಳ ಕಡೆ ಶಾಸ್ತ್ರವೂ ಇದೆ. ನನ್ನ ಕಡೆ ಏನಿದೆ? ನಮ್ಮ ತರ್ಕದಲ್ಲಿ ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದಕ್ಕೆ, ಕೊಡುವ ಉದಾಹರಣೆ ಒಂದೇ. ಬೆಟ್ಟದ ಮೇಲೆ ಬೆಂಕಿಯಿದೆ, ಯಾಕೆಂದರೆ ಹೊಗೆ ಕಾಣುತ್ತದೆ, ಅಡುಗೆಮನೆಯಲ್ಲಿ ಕಾಣುವ ಹಾಗೆ. ಪ್ರತಿ ವರ್ಷ ಜೂನಿನಲ್ಲಿ ನಾನು ಆ ಬೆಟ್ಟವನ್ನು ಬೋರ್ಡಿನ ಮೇಲೆ ಬರೆದು, ಸೀಮೆಸುಣ್ಣದಲ್ಲಿ ಹೊಗೆಯನ್ನೂ ಎಬ್ಬಿಸುತ್ತೇನೆ. ಅಡುಗೆಮನೆಯನ್ನು ಬಾಯಲ್ಲಿ ಹೇಳಿ ಮುಗಿಸುತ್ತೇನೆ. ನನ್ನ ಮನೆಯ ಅಡುಗೆಮನೆಯಲ್ಲಿ ಹೊಗೆ ಎದ್ದದ್ದು, ಅದು ಭರಣಿಗೆ ಹೋದದ್ದು, ಭರಣಿಯಿಂದ ಗ್ಲಾಸಿಗೆ, ಗ್ಲಾಸಿನಿಂದ ಗಂಟಲಿಗೆ ಬಂದದ್ದು ನನಗೆ ಹೊಳೆಯಲಿಲ್ಲ. ಅದನ್ನು ಇಂಗ್ಲಿಷ್ ಮಾಲ್ಟಿನ ಆಳ ಎಂದೆ.

ನಗಬಹುದಾಗಿತ್ತು. ನಗಲಿಲ್ಲ. ಡಬ್ಬದ ವಿಷಯ ಅಲ್ಲಿಗೆ ಮುಗಿಯಿತು. ಕುದುರೆಯಾದರೇನು, ನಾಯಿಯಾದರೇನು. ನನ್ನನ್ನು ಕೊರೆದದ್ದು ಬೇರೆ. ಬೆಳಗಿನಿಂದ ರಾತ್ರಿಯವರೆಗೆ ಸಾಂಬಾರಿನ ಹಬೆಯಲ್ಲಿ ಕೂರುತ್ತಿದ್ದ ವಾಸುವಿಗೆ ಮೊದಲ ಗುಟುಕಿಗೇ ಇಂಗು ಗೊತ್ತಾಗಿರಬೇಕು. ಅಷ್ಟು ಹೊತ್ತು ಸುಮ್ಮನಿದ್ದದ್ದು ಅದಕ್ಕೇ. ಆಮೇಲೆ ಬಾಗಿಲ ಕಡೆ ನೋಡಿದ. ಆಮೇಲೆ ಕಾಲು ಚಾಚಿದ. ಆಮೇಲೆ "ಚಂದ ಉಂಟು" ಎಂದ. ನಾನು ವರ್ಷಗಟ್ಟಲೆ ಉಜ್ಜಿ ಉಜ್ಜಿ ಕಾಪಾಡಿಕೊಂಡಿದ್ದ ನೆನಪಿನಲ್ಲಿ ಬಾಗಿಲ ಕಡೆಯ ನೋಟವಿಲ್ಲ, ಕಾಲಂತೂ ಇಲ್ಲವೇ ಇಲ್ಲ. ಆ ಭಾನುವಾರ ಆ ಮೇಜಿನಲ್ಲಿ ನಡೆದ ಒಳ್ಳೆಯದೆಲ್ಲ ಅದರ ಕೆಳಗೆ ನಡೆಯಿತು. ನಾನು ಮೇಲೆ, ಗ್ಲಾಸನ್ನು ಬೆಳಕಿಗೆ ಹಿಡಿದು ನನ್ನ ಕೈಚಳಕವನ್ನು ಮೆಚ್ಚಿಕೊಳ್ಳುತ್ತ ಕೂತಿದ್ದೆ. ಮರೆತಿದ್ದರೆ ಸಮಾಧಾನವಿರುತ್ತಿತ್ತು. ಮರೆಯುವುದಕ್ಕೆ ನನಗದು ಗೊತ್ತೇ ಇರಲಿಲ್ಲ. ನಮ್ಮ ಎದುರುಬದುರು ಕೂತವರ ಬಗ್ಗೆಯೇ ಇಷ್ಟು ಕಣ್ತಪ್ಪಿ ಹೋಗಿದ್ದರೆ, ಉಳಿದದ್ದರಲ್ಲಿ ಇನ್ನೆಷ್ಟು ಹೋಗಿದೆಯೋ, ಯಾರನ್ನು ಕೇಳಲಿ? ಎಲ್ಲ ಮೇಜುಗಳ ಕೆಳಗೂ ಒಬ್ಬ ಮೊಹಿದ್ದೀನ್ ಇರುವುದಿಲ್ಲ.

ಹಲವು ದಿನ ಹಾಗೇ ಹೋದವು. ನಾಯಿಯ ಡಬ್ಬ ಕಪಾಟಿನ ಮೇಲೆ ಕೂತು, ಕಿವಿ ಜೋತಾಡಿಸಿಕೊಂಡು ನನ್ನನ್ನೇ ನೋಡುತ್ತಿತ್ತು. ಒಂದು ಸಂಜೆ, ನನಗೆ ನಾನೇ ಕಾರಣ ಕೊಟ್ಟುಕೊಳ್ಳದೆ, ಸುಮಿತ್ರೆಗೆ ಹೇಳಿದೆ. "ಇದನ್ನು ನಿನ್ನ ಭರಣಿಯಲ್ಲೇ ಮಾಡೋಣ. ಆವತ್ತಿನ ಹಾಗೆಯೇ ಶುದ್ಧ ಮಾಡಿಕೊಡು."

ಅವಳ ಮುಖ ಅರಳಿತು. "ನಾನು ಆಗಲೇ ಹೇಳಬೇಕೂಂತ ಇದ್ದೆ. ಆ ಬಕೆಟಿನಲ್ಲಿ ಮಾಡಿದರೆ ಚಂದ ಆಗುವುದು ಹೇಗೆ? ಬಕೆಟಿಗೆ ಹೊಗೆ ಕೊಡ್ಲಿಕ್ಕೆ ಆಗುತ್ತದಾ?"

ಈ ಸಲ ನಾನು ಕಾಲೇಜಿಗೆ ಹೋಗದೆ ಮನೆಯಲ್ಲೇ ಇದ್ದೆ. ಕೆಂಡದ ಮೇಲೆ ಇಂಗು ಬಿದ್ದಾಗ ಎದ್ದ ಹೊಗೆಯನ್ನು ನೋಡಿದೆ, ಅವಳು ಭರಣಿಯನ್ನು ಮಗುವಿನಂತೆ ಎತ್ತಿ ಕವುಚಿದ್ದನ್ನು ನೋಡಿದೆ, ಕೆಮ್ಮಿದೆ. ನೋಡಬೇಕಾದದ್ದನ್ನು ತಡವಾಗಿಯಾದರೂ ನೋಡಿದೆ ಎಂದು ಸಮಾಧಾನಪಟ್ಟುಕೊಳ್ಳಲು ಹೋದೆ. ಕಣ್ಣಲ್ಲಿ ನೀರು ಬಂತು, ಹೊಗೆಗೆ.

ಮತ್ತೆ ಭಾನುವಾರ. ಗಣಪತಿಯ ಹಡಗೂ ಬಂದಿತ್ತು. ಊಟ ಮುಗಿಸಿ ಒಳಗೆ ಮಲಗಿದ್ದವನು ಎದ್ದು ಬಂದು, "ಭಾವ, ಮುಂದಿನ ಸಲ ಯಾವುದು ತರಲಿ, ಕುದುರೆಯಾ ನಾಯಿಯಾ?" ಎಂದ. "ಯಾವುದಾದರೂ ತಾ" ಎಂದೆ. ಇಷ್ಟು ಹುಡುಕಾಟದ ಕಡೆಗೆ ಯಾವ ಡಬ್ಬ ಒಳ್ಳೆಯದೆಂಬ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದೇ. ನಿಮಗೂ ಇದನ್ನೇ ಹೇಳಬಲ್ಲೆ.

ಮೊಹಿದ್ದೀನ್ ಬಂದು ಕೂತ, ಚಹಾ ಬಂತು. ಕುರ್ಚಿಯ ಮೇಲಿನ ಬಟ್ಟೆಗಳನ್ನು ನಾನೇ ಎತ್ತಿ ಒಳಗಿಟ್ಟೆ. ಬೂಚು ತೆಗೆದೆ. ಇಂಗು ಘಮ್ ಎಂದಿತು, ಅದನ್ನು ಅಡಗಿಸುವ ಪ್ರಶ್ನೆಯೇ ಇರಲಿಲ್ಲ. ಗ್ಲಾಸಿಗೆ ಬಗ್ಗಿಸಿ ಒಂದು ಗುಟುಕು ಕುಡಿದೆ.

ಕೆಟ್ಟದಾಗಿತ್ತು. ಎಷ್ಟು ಕೆಟ್ಟದೆಂದರೆ, ಇದನ್ನು ಗಾಢ, ಆಪ್ತ ಎಂದೆಲ್ಲ ಕರೆದಿದ್ದ ನಾಲಿಗೆ ನನ್ನದೇ ಎಂದು ನಂಬಲಾಗಲಿಲ್ಲ. ಹಳೆಯ ಸಾರಿಗೆ ಯಾರೋ ಸೋಡಾ ಬೆರೆಸಿದಂತಿತ್ತು. ಗಂಟಲಲ್ಲಿ ನಿಲ್ಲುತ್ತದೆಂದು ನೆನಪಿಟ್ಟುಕೊಂಡದ್ದು ಮಾತ್ರ ಸರಿಯಾಗಿತ್ತು, ಕೆಳಗೆ ಇಳಿಯಲು ಅದು ಒಪ್ಪುತ್ತಿರಲಿಲ್ಲ. ಧ್ವನಿ ಬರಲಿಲ್ಲ. ಬರುತ್ತದೆಂದು ನಾನೂ ಈಗ ಕಾದಿರಲಿಲ್ಲ. ಆದರೆ ಅದನ್ನು ನುಂಗಲು ಗಂಟಲು ಬಿಗಿಹಿಡಿದಾಗ, ಇದನ್ನೇ ನುಂಗಿದ ಇನ್ನೊಂದು ಗಂಟಲು ಎದುರಿಗಿತ್ತು ಎಂಬುದು ನೆನಪಲ್ಲದೆ ಬೇರೆ ಯಾವುದೋ ದಾರಿಯಿಂದ ಖಚಿತವಾಯಿತು. ಇದು ಯಾವ ಪ್ರಮಾಣವೆಂದು ನಾನು ಹೇಳಲಾರೆ.

"ಹೇಗುಂಟು?" ಸುಮಿತ್ರೆ ಅಡುಗೆಮನೆಯ ಬಾಗಿಲಲ್ಲಿ, ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು. "ಆವತ್ತಿನ ಹಾಗೇ ಬಂತಾ?"

ಸುಮಿತ್ರೆ ನಾನು ಬರೆದದ್ದನ್ನು ಓದುವುದಿಲ್ಲ. ಇಷ್ಟು ದಿನ ಅದು ನನಗೊಂದು ಕೊರಗಾಗಿತ್ತು.

"ಚಂದ ಉಂಟು" ಎಂದೆ. ಮುಗಿಸಿ, ಎರಡನೆಯ ಗ್ಲಾಸನ್ನು ನಾನೇ ಬಗ್ಗಿಸಿಕೊಂಡೆ. ಮೊಹಿದ್ದೀನ್ ಏನೋ ಹೇಳಲು ಬಾಯಿ ತೆರೆದ. ನಾನು ಮೇಜಿನ ಕೆಳಗೆ ಕಾಲು ಚಾಚಿದೆ.